ಸೂಜಿಯಷ್ಟು ತೂತು

ಕೆಂಚನಕೊಪ್ಪಲಿನ ಅರಸು ಮನೆತನ ಇಂದು ನಿನ್ನೆಯದಲ್ಲ. ಕಮಲಾಜಮ್ಮಣ್ಣಿಯವರ ಮುತ್ತಾತ ಅರಮನೆಯ ಲಾಯದ ಮೇಲ್ವಿಚಾರಕರಾಗಿದ್ದರು. ಅವರು ಹಲ್ಲು ನೋಡಿ ಒಪ್ಪದ ಕುದುರೆ ಅರಮನೆಯ ಬಾಗಿಲು ದಾಟುತ್ತಿರಲಿಲ್ಲ. ತಾತ ಅಮಲ್ದಾರರು, ತಂದೆ ಜಿಲ್ಲಾ ನ್ಯಾಯಾಧೀಶರು. ಊರಿನಲ್ಲಿ ಮದುವೆಯ ಮಾತುಕತೆಯಾಗಲಿ, ಹೊಲದ ಬದುವಿನ ಜಗಳವಾಗಲಿ, ಆ ಮನೆಯ ಜಗಲಿಯಲ್ಲಿ ಕೂತು ಒಂದು ಲೋಟ ಪಾನಕ ಕುಡಿದ ಮೇಲೆಯೇ ತೀರ್ಮಾನವಾಗುತ್ತಿತ್ತು.

ಅಮ್ಮಣ್ಣಿಯವರು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಬೆನ್ನು ಬಾಗಿಸದೆ ಕೂರುವುದನ್ನೂ, ಹಿಂಬದಿ ಕೂಡ ಮುಂಬದಿಯಷ್ಟೇ ಚೊಕ್ಕಟವಾಗಿ ಕಾಣುವಂತೆ ಕಸೂತಿ ಹಾಕುವುದನ್ನೂ ಅಲ್ಲಿನ ಸಿಸ್ಟರುಗಳಿಂದ ಕಲಿತವರು, ಅರವತ್ತು ದಾಟಿದರೂ ಎರಡನ್ನೂ ಬಿಟ್ಟಿರಲಿಲ್ಲ.

ಇಂಥ ಅಮ್ಮಣ್ಣಿಯವರು ಒಂದು ಬೆಳಿಗ್ಗೆ ತಾತನ ಕಾಲದ ಕಾರನ್ನು ತಾವೇ ಓಡಿಸಿಕೊಂಡು ಕಪಿಲೆಯ ದಂಡೆಯ ಆಶ್ರಮಕ್ಕೆ ಬಂದರು. ಅವರಿಗೆ ಮಂತ್ರೋಪದೇಶ ಬೇಕಾಗಿತ್ತು. ಅದನ್ನು ಪಡೆಯದೆ ಮನೆಗೆ ಹಿಂದಿರುಗುವುದಿಲ್ಲವೆಂದು ಸೊಸೆಗೆ ಹೇಳಿಯೇ ಹೊರಟಿದ್ದರು.

ಆಶ್ರಮದ ಗುರುಗಳು ನಿಶ್ಚಿಂತಸ್ವಾಮಿ. ಸನ್ಯಾಸಕ್ಕೆ ಮುಂಚೆ ವಿಮಾನದ ಎಂಜಿನ್ನುಗಳನ್ನು ನೋಡಿಕೊಳ್ಳುತ್ತಿದ್ದ ಇಂಜಿನಿಯರು. ಕಾವಿ ಉಟ್ಟ ಮೇಲೂ ಎಂಜಿನ್ನಿನ ಚಟ ಹೋಗಿರಲಿಲ್ಲ. ಧ್ಯಾನಮಂದಿರದ ಮಗ್ಗುಲಲ್ಲೇ ಒಂದು ತಗಡಿನ ಶೆಡ್ಡು. ಧ್ಯಾನಕ್ಕೆ ಕೂತವರಿಗಿಂತ ಅಲ್ಲಿ ಜೀಪಿನ ಕೆಳಗೆ ಮಲಗಿದವರೇ ಹೆಚ್ಚು ನೆಮ್ಮದಿಯಿಂದ ಇರುತ್ತಾರೆಂದು ಊರವರು ನಗುತ್ತಿದ್ದರು.

ಗುರುಗಳು ಅಮ್ಮಣ್ಣಿಯವರ ನಮಸ್ಕಾರ ಸ್ವೀಕರಿಸಿ, ಅವರನ್ನು ದಾಟಿಕೊಂಡು ಕಾರಿನ ಹತ್ತಿರ ಹೋದರು. ಬಾನೆಟ್ ಎತ್ತಿದರು. ಎಣ್ಣೆ ನೋಡುವ ಕಡ್ಡಿಯನ್ನು ಎಳೆದು, ತುದಿಯನ್ನು ಹೆಬ್ಬೆರಳಿನಿಂದ ಒರೆಸಿ ತೋರಿಸಿದರು. ಬೆರಳು ಕಾಡಿಗೆ ಮೆತ್ತಿದ ಹಾಗಿತ್ತು.

“ಇದಕ್ಕೆ ಆಯಿಲ್ ಫಿಲ್ಟರೇ ಇಲ್ಲ.”

“ಆ ಕಾಲದಲ್ಲಿ ಹಾಗೇ ಬರ್ತಾ ಇದ್ದದ್ದು, ಗುರುಗಳೇ.” ಅಮ್ಮಣ್ಣಿಯವರ ದನಿ ಸ್ವಲ್ಪ ಬಿಗಿಯಾಯಿತು. ತಾತನ ಕಾರಿನಲ್ಲಿ ಏನೋ ಒಂದು ಇಲ್ಲ ಎಂಬ ಮಾತನ್ನು ಅವರು ಅದುವರೆಗೆ ಕೇಳಿರಲಿಲ್ಲ.

“ಒಂದು ಹಾಕಿ. ಆಮೇಲೆ ನನ್ನನ್ನ ಸೇತುವೆವರೆಗೆ ಕರಕೊಂಡು ಹೋಗಿ ಬನ್ನಿ. ಮೀಟರಿನ ಮುಳ್ಳು ಬೀಳದೆ ಇದ್ದರೆ ಮಂತ್ರ ಕೊಡ್ತೀನಿ.”

“ಮೈಸೂರಿನಿಂದ ಮೆಕ್ಯಾನಿಕ್ಕನ್ನ ಕರೆಸ್ತೀನಿ.”

“ಕರೆಸಿ, ತಾಯಿ. ಮಂತ್ರಾನೂ ಅವನಿಗೇ ಕೊಟ್ಟುಬಿಡ್ತೀನಿ.”

ಅಮ್ಮಣ್ಣಿಯವರು ಸೆರಗನ್ನು ಸೊಂಟಕ್ಕೆ ಬಿಗಿದರು.

ಮುಳ್ಳು ಎಂದರೆ ಸ್ಟೀರಿಂಗಿನ ಮುಂದಿರುವ ಎಣ್ಣೆಯ ಮೀಟರಿನ ಮುಳ್ಳು. ಅದು ಎದ್ದು ನಿಂತಿರುವವರೆಗೆ ಎಂಜಿನ್ನಿನ ಒಳಗೆ ತಿರುಗುವ ಭಾಗಗಳಿಗೆಲ್ಲ ಎಣ್ಣೆ ಒತ್ತಡದಿಂದ ಹೋಗುತ್ತಿದೆ ಎಂದರ್ಥ. ಅದು ಬಿದ್ದರೆ ಒಳಗಿನ ಬೇರಿಂಗುಗಳು ಒಣಗಿ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ, ಸ್ವಲ್ಪ ಹೊತ್ತಿನಲ್ಲೇ ಎಂಜಿನ್ನು ಮುಗಿದ ಹಾಗೆ. ತಾತನ ಕಾರಿಗೆ ಆ ಬೇರಿಂಗು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆದ್ದರಿಂದ ಅಮ್ಮಣ್ಣಿಯವರು ಮಂತ್ರಕ್ಕಾಗಿ ಪಣಕ್ಕಿಟ್ಟದ್ದು ಸಣ್ಣದನ್ನೇನಲ್ಲ.

ಕೆಲಸಕ್ಕೆ ಜೊತೆಯಾಗಿ ಗುರುಗಳು ಡಾಕ್ಟರ್ ಪದ್ಮರಾಜಯ್ಯನವರನ್ನು ಕೊಟ್ಟರು. ಹಲ್ಲಿನ ಡಾಕ್ಟರು. ಹಾಸನದಲ್ಲಿ ಆಸ್ಪತ್ರೆ ನಡೆಸಿ, ಅದನ್ನು ಮಗಳಿಗೆ ವಹಿಸಿ, ಹಲ್ಲು ಕೊರೆಯುವ ಯಂತ್ರವನ್ನು ಮಾತ್ರ ಜೊತೆಗೆ ತಂದಿದ್ದರು. ಆಶ್ರಮದ ಹಳೆಯ ಶಿಷ್ಯರು. ಶೆಡ್ಡೆಂದರೆ ಅವರಿಗೆ ಪ್ರಾಣ. ಮೊದಲ ದಿನವೇ ಎಂಜಿನ್ನಿನೊಳಗೆ ಟಾರ್ಚು ಬಿಟ್ಟು, “ಎಲ್ಲಿ, ಬಾಯಿ ಇನ್ನೂ ಸ್ವಲ್ಪ ದೊಡ್ಡದಾಗಿ ತೆಗೀರಿ” ಎಂದರು.

ಅಮ್ಮಣ್ಣಿಯವರು ನಗಲಿಲ್ಲ. ಕೆಲಸದ ಹೊತ್ತಿನಲ್ಲಿ ತಮಾಷೆ ಅವರ ಮನೆಯಲ್ಲಿ ನಡೆದ ಪದ್ಧತಿಯಲ್ಲ.

ಕೆಲಸ ಹೀಗಿತ್ತು. ಎಂಜಿನ್ನಿನಿಂದ ಮೀಟರಿಗೆ ಹೋಗುವ ಸಣ್ಣ ಎಣ್ಣೆಯ ಪೈಪನ್ನು ನಡುವೆ ಕವಲೊಡೆಸಬೇಕು. ಆ ಕವಲಿನಿಂದ ಒಂದು ತಾಮ್ರದ ಪೈಪು ಫಿಲ್ಟರಿನ ಡಬ್ಬಕ್ಕೆ ಹೋಗಬೇಕು. ಡಬ್ಬದಲ್ಲಿ ಸೋಸಿದ ಎಣ್ಣೆ ಇನ್ನೊಂದು ಪೈಪಿನಲ್ಲಿ ಇಳಿದು, ಎಂಜಿನ್ನಿನ ತಳದ ಎಣ್ಣೆತೊಟ್ಟಿಗೆ ಸೇರಬೇಕು.

ಅಮ್ಮಣ್ಣಿಯವರು ತಾಮ್ರದ ಪೈಪನ್ನು ಅಳೆದು, ಕತ್ತರಿಸಿ, ಎಂಜಿನ್ನಿಂದ ಡಬ್ಬಕ್ಕೆ ಗೆರೆ ಎಳೆದ ಹಾಗೆ ಜೋಡಿಸಿದರು. ಎಲ್ಲೂ ಒಂದು ಕೂದಲೆಳೆಯಷ್ಟೂ ಸೊಟ್ಟಗಿರಲಿಲ್ಲ.

ಗುರುಗಳು ಬಂದು ನೋಡಿದರು. ಪೈಪಿನ ಮೇಲೆ ಉಗುರಿನಿಂದ ಟಿಣ್ಣನೆ ಹೊಡೆದರು.

“ಬಹಳ ಚೆನ್ನಾಗಿದೆ. ಮುರಿಯುತ್ತೆ.”

“ಯಾಕೆ ಮುರಿಯುತ್ತೆ, ಗುರುಗಳೇ? ಇಷ್ಟು ನೆಟ್ಟಗಿದೆ.”

“ಅದಕ್ಕೇ.”

ಅಷ್ಟು ಹೇಳಿ ಊಟಕ್ಕೆ ಹೋದರು. ಎಂಜಿನ್ನು ನಡುಗುತ್ತದೆ, ಡಬ್ಬ ನಡುಗುವುದಿಲ್ಲ, ನಡುವಿನ ಪೈಪು ಬಳುಕದಿದ್ದರೆ ಬಿರುಕು ಬಿಡುತ್ತದೆ ಎಂದು ಬಿಡಿಸಿ ಹೇಳಿದವರು ಡಾಕ್ಟರು. ಹೊಸ ಪೈಪನ್ನು ಕೆಂಪಗೆ ಕಾಯಿಸಿ, ನೀರಿನಲ್ಲಿ ಅದ್ದಿ ಮೆದುಮಾಡಿ, ಕೈಯಿಂದಲೇ ಸುತ್ತಿ ಕೊಟ್ಟವರೂ ಅವರೇ. “ಚಕ್ಕುಲಿ ಅಂತ ತಿಳಕೊಳ್ಳಿ, ಅಮ್ಮಣ್ಣಿಯವರೇ. ಕರಿಯೋದು ಬೇಡ ಅಷ್ಟೇ.”

ಸುತ್ತಿದ ಪೈಪು ಕಣ್ಣಿಗೆ ಹಿತವಾಗಿಯೇ ಇತ್ತು. ಅಮ್ಮಣ್ಣಿಯವರು ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಡಾಕ್ಟರಿಗೂ ಒಂದು ಲೋಟ ಕಾಫಿ ಇಟ್ಟರು.

ತಕರಾರು ಬಂದದ್ದು ಹಿತ್ತಾಳೆಯ ಬಿರಟೆಯ ವಿಷಯದಲ್ಲಿ.

ಕವಲಿನ ಬಾಯಿಗೆ ಡಾಕ್ಟರು ಮುಚ್ಚಳದ ಹಾಗೆ ಒಂದು ಪುಟ್ಟ ಹಿತ್ತಾಳೆಯ ಬಿರಟೆ ಮಾಡಿ ಕೂರಿಸಿದ್ದರು. ಅದರ ನಡುವೆ ಹಲ್ಲಿನ ಯಂತ್ರದಿಂದ ಕೊರೆದ ತೂತು. ಎಷ್ಟು ಸಣ್ಣದೆಂದರೆ ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತಿತ್ತು. ಫಿಲ್ಟರಿಗೆ ಹೋಗುವ ಎಣ್ಣೆಯೆಲ್ಲ ಆ ತೂತಿನಲ್ಲೇ ನುಸುಳಬೇಕು.

“ಇದರಲ್ಲಿ ಎಷ್ಟು ಎಣ್ಣೆ ಹೋದೀತು?” ಎಂದು ಅಮ್ಮಣ್ಣಿ ಕೇಳಿದರು.

ಒಂದು ನೂಲಿನಷ್ಟು ಹೋಗುತ್ತದೆ, ಅಷ್ಟೇ ಹೋಗಬೇಕು ಎಂದರು ಡಾಕ್ಟರು. ಮಿಕ್ಕದ್ದು?

“ಮಿಕ್ಕದ್ದು ಹೇಗಿದೆಯೋ ಹಾಗೇ ಬೇರಿಂಗಿಗೆ ಹೋಗುತ್ತೆ.”

“ಕೊಳೆ ಸಮೇತ?”

“ಕೊಳೆ ಸಮೇತ. ಓಡ್ತಾ ಓಡ್ತಾ ನಿಧಾನಕ್ಕೆ ಎಲ್ಲವೂ ಸೋಸುತ್ತೆ. ನಾವು ಜೈನರು, ಅಮ್ಮಣ್ಣಿಯವರೇ, ನೀರನ್ನೂ ಸೋಸದೆ ಕುಡಿಯೋರಲ್ಲ. ಸೋಸೋ ವಿಷಯದಲ್ಲಿ ನನ್ನನ್ನ ನಂಬಬಹುದು.”

ಅಮ್ಮಣ್ಣಿಯವರಿಗೆ ನಂಬಿಕೆ ಬರಲಿಲ್ಲ. ಕೊಳೆ ಎಂದು ಗೊತ್ತಿದ್ದೂ ಅದನ್ನು ಒಳಗೆ ಬಿಡುವುದು ಯಾವ ಬಗೆಯ ಅಚ್ಚುಕಟ್ಟು? ಶುದ್ಧಿ ಮಾಡಲು ಕೂತ ಮೇಲೆ ಪೂರ್ತಿ ಮಾಡಬೇಕು. ಅರೆಬರೆ ಕೆಲಸ ಅವರ ಕಣ್ಣಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ.

ಡಾಕ್ಟರು ಹೊಳೆಗೆ ಸ್ನಾನಕ್ಕೆ ಹೋದಾಗ ಅವರು ಆ ಬಿರಟೆಯನ್ನು ಬಿಚ್ಚಿದರು. ಶೆಡ್ಡಿನ ದಪ್ಪ ಡ್ರಿಲ್ಲು ಹಿಡಿದು ತೂತನ್ನು ಕಡಲೆಕಾಳು ಹೋಗುವಷ್ಟು ಅಗಲ ಮಾಡಿದರು. ಹಿತ್ತಾಳೆಯ ಪುಡಿಯನ್ನು ಗುಡಿಸಿ, ಬಿರಟೆಯನ್ನು ತೊಳೆದು, ಇದ್ದಲ್ಲೇ ಕೂರಿಸಿದರು. ಯಾರಿಗೂ ಹೇಳಬೇಕೆಂದು ತೋರಲಿಲ್ಲ. ಒಂದು ಕೊರತೆಯನ್ನು ಸರಿಪಡಿಸಿದೆ ಎಂದಷ್ಟೇ ಅವರಿಗೆ ಅನಿಸಿತ್ತು.

ಸಂಜೆ ಎಂಜಿನ್ನು ಚಾಲೂ ಮಾಡಿದರು. ಆಶ್ರಮದವರೆಲ್ಲ ನೆರೆದಿದ್ದರು. ಮುಳ್ಳು ಎದ್ದು ನಿಂತಿತು. ಚಪ್ಪಾಳೆ ಬಿತ್ತು. ಅಮ್ಮಣ್ಣಿಯವರು ಸೆರಗು ಸರಿಪಡಿಸಿಕೊಂಡರು.

ಎಂಜಿನ್ನು ಬಿಸಿಯಾಯಿತು. ಎಣ್ಣೆ ತೆಳುವಾಯಿತು. ಮುಳ್ಳು ಮೆಲ್ಲನೆ ಇಳಿಯತೊಡಗಿತು. ಇಳಿದು ಇಳಿದು ಮಲಗಿಯೇ ಬಿಟ್ಟಿತು. ತಳದಿಂದ ಟಕ್ ಟಕ್ ಎಂಬ ಸದ್ದು ಎದ್ದಿತು.

ಗುರುಗಳು ಕೈ ಚಾಚಿ ಕೀಲಿ ತಿರುಗಿಸಿದರು. ಶೆಡ್ಡು ನಿಶ್ಶಬ್ದವಾಯಿತು.

ಎಲ್ಲರ ಕಣ್ಣೂ ಅಮ್ಮಣ್ಣಿಯವರ ಮೇಲಿತ್ತು. ತಾತನ ಎಂಜಿನ್ನು, ತಮ್ಮ ಮಂತ್ರ, ಎರಡೂ ಒಟ್ಟಿಗೆ ಕೈಜಾರುವ ಹಾಗಿತ್ತು. ಅವರು ಬೆನ್ನು ನೆಟ್ಟಗೆ ಮಾಡಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

“ಕವಲಿನ ಕೆಲಸ ಡಾಕ್ಟರದು. ಹಲ್ಲು ಕೊರೆದವರ ಕೈಗೆ ನಮ್ಮ ತಾತನ ಕಾರನ್ನ ಕೊಡಬಾರದಿತ್ತು.”

ಡಾಕ್ಟರು ಬಿರಟೆಯ ಕಡೆ ನೋಡಲಿಲ್ಲ, ಅಮ್ಮಣ್ಣಿಯವರನ್ನು ನೋಡಿದರು. ಕೈ ಒರೆಸಿಕೊಂಡು ಹೊರಗೆ ಹೋದರು.

ಮರುದಿನದಿಂದ ಅವರು ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚಲು ಕೂತರು. ಎಂಜಿನ್ನಿನ ಹಲ್ಲು ಕಿತ್ತ ಡಾಕ್ಟರೆಂದು ಆಶ್ರಮದವರು ಚುಡಾಯಿಸಿದರು. ಅವರೂ ನಕ್ಕರು. ಆದರೆ ಶೆಡ್ಡಿನೊಳಗೆ ಕಾಲಿಡಲಿಲ್ಲ. ಹೊಳೆಗೆ ಹೋಗುವಾಗ ಬಾಗಿಲಲ್ಲಿ ಕೈ ಹಿಂದೆ ಕಟ್ಟಿ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿದ್ದರು.

ಅಮ್ಮಣ್ಣಿಯವರು ಪಂಪು ಬಿಚ್ಚಿ ನೋಡಿದರು. ಜಾಲರಿ ತೊಳೆದರು. ಪೈಪುಗಳನ್ನು ಊದಿ ನೋಡಿದರು. ಯಾವುದರಲ್ಲೂ ದೋಷವಿರಲಿಲ್ಲ. ಕೊನೆಗೆ ಗುರುಗಳ ಹತ್ತಿರ ಹೋದರು.

“ಎಣ್ಣೆಯೆಲ್ಲ ಫಿಲ್ಟರಿಗೆ ಹೋಗ್ತಾ ಇದೆ, ಗುರುಗಳೇ. ಅಷ್ಟು ಶುದ್ಧವಾದ ಮೇಲೂ ಮುಳ್ಳು ಯಾಕೆ ಬೀಳುತ್ತೆ?”

“ಊಟದ ಹೊತ್ತಾಯ್ತು,” ಎಂದರು ಗುರುಗಳು. “ಇವತ್ತು ನೀವೇ ಸಾರು ಬಡಿಸಿ.”

ಪಂಕ್ತಿ ಕೂತಿತು. ಎಲೆಗಳಿಗೆ ಅನ್ನ ಬಿತ್ತು. ಎಲ್ಲರೂ ಅನ್ನದ ನಡುವೆ ಗುಂಡಿ ಮಾಡಿಕೊಂಡು ಸಾರಿಗಾಗಿ ಕಾದರು.

ಗುರುಗಳು ಪಂಕ್ತಿಯ ತುದಿಯಲ್ಲಿ ಒಂದು ಪಾತ್ರೆ ಇಟ್ಟುಕೊಂಡು, ಅದರ ಬಾಯಿಗೆ ಬಿಳಿಯ ಬಟ್ಟೆ ಕಟ್ಟಿ ಕೂತಿದ್ದರು. ಸಾರಿನಲ್ಲಿ ಕರಿಬೇವು ಇದೆ, ಮೆಣಸಿನ ಸಿಪ್ಪೆ ಇದೆ, ಅದನ್ನು ಇಲ್ಲಿ ಸುರಿದು ಸೋಸಿ, ಸೋಸಿದ್ದನ್ನು ಕೊಳಗಕ್ಕೆ ವಾಪಸ್ಸು ಹಾಕಿ ಎಂದರು.

ಅಮ್ಮಣ್ಣಿಯವರಿಗೆ ಅದು ಸರಿಯಾದ ಕೆಲಸವೆಂದೇ ಕಂಡಿತು. ಬಕೆಟ್ಟು ತುಂಬಿ ತಂದು ಸುರಿದರು. ಸೋಸಿದ ಸಾರು ಕೊಳಗಕ್ಕೆ ಹೋಯಿತು. ಇನ್ನೊಂದು ಬಕೆಟ್ಟು ತಂದರು. ಅದೂ ಹೋಯಿತು.

“ಆಹಾ, ಎಷ್ಟು ಶುದ್ಧ,” ಎಂದು ಗುರುಗಳು ತಲೆದೂಗಿದರು. “ಇನ್ನೊಂದು ತನ್ನಿ, ತಾಯಿ.”

ಅನ್ನ ಆರತೊಡಗಿತು. ಯಾರೋ ಕೆಮ್ಮಿದರು. ಯಾರೋ ಬರಿಯ ಉಪ್ಪು ನೆಕ್ಕಿದರು. ಪಂಕ್ತಿಯ ಇನ್ನೊಂದು ತುದಿಯಿಂದ ಡಾಕ್ಟರ ದನಿ ಬಂತು.

“ಸಾರು ಬಹಳ ಶುದ್ಧವಾಗಿದೆಯಂತೆ, ಗುರುಗಳೇ. ಇಲ್ಲಿವರೆಗೆ ಮಾತು ಬಂತು. ಸಾರು ಇನ್ನೂ ಬಂದಿಲ್ಲ.”

ಪಂಕ್ತಿಯೆಲ್ಲ ನಕ್ಕಿತು. ಅಮ್ಮಣ್ಣಿಯವರು ಬಕೆಟ್ಟು ಹಿಡಿದು ನಡುವೆ ನಿಂತರು. ಒಂದು ಕಡೆ ಸೋಸಿ ಸೋಸಿ ಕೊಳಗಕ್ಕೆ ಹಿಂದಿರುಗುವ ಸಾರು. ಇನ್ನೊಂದು ಕಡೆ ಗುಂಡಿ ಮಾಡಿಕೊಂಡ ಒಣ ಅನ್ನ, ಉದ್ದಕ್ಕೂ.

“ಯಾಕೆ ನಿಂತಿರಿ? ಇನ್ನೊಂದು ಬಕೆಟ್ಟು.”

ಅಮ್ಮಣ್ಣಿಯವರು ಗುರುಗಳ ಪಾತ್ರೆಗೆ ಕಟ್ಟಿದ ಬಟ್ಟೆಯ ಮೇಲೆ ಒಂದೇ ಒಂದು ಸೌಟು ಸುರಿದರು. ಮಿಕ್ಕ ಸಾರನ್ನು ಕರಿಬೇವು, ಮೆಣಸು ಸಮೇತ ಎಲೆಎಲೆಗೂ ಬಡಿಸುತ್ತಾ ಹೋದರು. ಡಾಕ್ಟರ ಎಲೆಯ ಹತ್ತಿರ ಬಂದಾಗ ಅವರ ಮುಖ ನೋಡಲಿಲ್ಲ.

ಊಟ ಮಾಡದೆ ಶೆಡ್ಡಿಗೆ ನಡೆದರು.

ಬಿರಟೆಯನ್ನು ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡು ಕೂತರು. ಕಡಲೆಕಾಳಿನಷ್ಟು ತೂತು. ಅದರಲ್ಲಿ ಎಣ್ಣೆಯೆಲ್ಲ ಸಲೀಸಾಗಿ ಓಡಿಹೋಗಿ ತೊಟ್ಟಿಗೆ ಬೀಳುತ್ತಿತ್ತು. ಬೇರಿಂಗುಗಳು ಒಣ ಅನ್ನದ ಮುಂದೆ ಕೂತಿದ್ದವು.

ಸಣ್ಣ ತೂತು ಮಾಡುವ ಯಂತ್ರ ಡಾಕ್ಟರ ಕೋಣೆಯಲ್ಲಿತ್ತು. ಅದನ್ನು ಕೇಳಬೇಕಾದರೆ ಯಾಕೆ ಬೇಕೆಂದು ಹೇಳಬೇಕಾಗುತ್ತಿತ್ತು.

ಅಮ್ಮಣ್ಣಿಯವರು ತಮ್ಮ ಚೀಲದಿಂದ ಒಂದು ಕಸೂತಿಯ ಸೂಜಿ ತೆಗೆದರು. ಬೆಸುಗೆ ಅಂಟದಿರಲೆಂದು ಅದನ್ನು ಎಣ್ಣೆದೀಪದ ಮೇಲೆ ಹಿಡಿದು ಮಸಿ ಹಿಡಿಸಿದರು. ಅಗಲವಾದ ತೂತಿನ ನಡುವೆ ಸೂಜಿ ನಿಲ್ಲಿಸಿ, ಸುತ್ತಲೂ ಬೆಸುಗೆಯ ತವರ ಕರಗಿಸಿ ತುಂಬಿದರು. ತಣಿದ ಮೇಲೆ ಸೂಜಿಯನ್ನು ಮೆಲ್ಲಗೆ ತಿರುಗಿಸಿ ಹೊರಗೆ ಎಳೆದರು. ಬಿರಟೆಯನ್ನು ಬೆಳಕಿಗೆ ಹಿಡಿದರು. ಒಂದು ಚುಕ್ಕಿ ಬೆಳಕು ಬಂತು.

ಅದನ್ನು ಕೂರಿಸಿ ಎಂಜಿನ್ನು ಚಾಲೂ ಮಾಡಿದರು. ತಳದ ಸದ್ದು ಒಂದೆರಡು ಕ್ಷಣ ಇದ್ದು, ಎಣ್ಣೆ ತಲುಪಿದ ಮೇಲೆ ಅಡಗಿತು. ಎಂಜಿನ್ನು ಬಿಸಿಯಾಯಿತು, ಎಣ್ಣೆ ತೆಳುವಾಯಿತು. ಮುಳ್ಳು ಒಂದಿಷ್ಟು ಇಳಿದು, ಅಲ್ಲೇ ಗಟ್ಟಿಯಾಗಿ ನಿಂತಿತು. ಫಿಲ್ಟರಿನ ಡಬ್ಬವೂ ಮೆಲ್ಲನೆ ಬಿಸಿಯಾಗಿತ್ತು. ನೂಲಿನಷ್ಟು ಎಣ್ಣೆ ಅಲ್ಲಿಗೂ ಹೋಗುತ್ತಿತ್ತು.

ಸದ್ದು ಕೇಳಿ ಆಶ್ರಮದವರು ಓಡಿಬಂದರು. ಅಮ್ಮಣ್ಣಿಯವರೇ ಕಂಡುಹಿಡಿದು ಸರಿಮಾಡಿದರೆಂದು ಹೊಗಳಿದರು. ಡಾಕ್ಟರ ಕೈಕೆಲಸವನ್ನು ನೆಟ್ಟಗೆ ಮಾಡಿದಿರಿ ಎಂದು ಒಬ್ಬರು ಹೇಳಿದರು.

ಅಮ್ಮಣ್ಣಿಯವರು ಅಲ್ಲವೆನ್ನಲಿಲ್ಲ. ಆದ ತಪ್ಪು ಸರಿಹೋಗಿದೆ. ಸರಿಹೋದದ್ದರ ಮಾತನ್ನು ಮತ್ತೆ ಎತ್ತುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ಮನಸ್ಸಿಗೆ ಹೇಳಿಕೊಂಡರು. ಮನಸ್ಸು ಒಪ್ಪಿತು. ಅಡುಗೆಮನೆಯಿಂದ ಸೌತೆಕಾಯಿ ಹೆಚ್ಚುವ ಸದ್ದು ಬರುತ್ತಿತ್ತು. ಅವರು ಬಾನೆಟ್ಟನ್ನು ಸ್ವಲ್ಪ ಜೋರಾಗಿಯೇ ಮುಚ್ಚಿದರು.

ಮರುದಿನ ಗುರುಗಳು ಮುಂದಿನ ಸೀಟಿನಲ್ಲಿ ಕೂತು ಸೇತುವೆಯತ್ತ ಹೊರಟರು. ಹೊಳೆಯ ಗಾಳಿಗೆ ಅವರ ಗಡ್ಡ ಹಾರುತ್ತಿತ್ತು. ಅವರು ಹಾಡಿಕೊಳ್ಳುತ್ತಾ ನಡುನಡುವೆ ಮುಳ್ಳನ್ನು ನೋಡುತ್ತಿದ್ದರು. ಮುಳ್ಳು ಅಲ್ಲಾಡಲಿಲ್ಲ.

“ಕೆಲಸ ಅಚ್ಚುಕಟ್ಟು. ಈಗಿರೋ ತೂತು ಯಾರದು?”

“ನನ್ನದು, ಗುರುಗಳೇ. ಸೂಜಿ ಇಟ್ಟು ಮಾಡಿದ್ದು.”

“ಭೇಷ್. ಮೊದಲಿನ ತೂತು?”

“ಡಾಕ್ಟರದು.”

“ನಡುವಿನದು?”

ರಸ್ತೆಯ ಬದಿಯಲ್ಲಿ ತನ್ನ ಪಾಡಿಗೆ ಮೇಯುತ್ತಿದ್ದ ಎಮ್ಮೆಯೊಂದಕ್ಕೆ ಅಮ್ಮಣ್ಣಿಯವರು ದೀರ್ಘವಾಗಿ ಹಾರ್ನ್ ಹೊಡೆದರು. ಎಮ್ಮೆ ತಲೆಯೆತ್ತಿ ನೋಡಿ, ಮತ್ತೆ ಮೇಯತೊಡಗಿತು.

ಗುರುಗಳು ಎಮ್ಮೆಯನ್ನು ನೋಡಿ ನಕ್ಕರು. ಮತ್ತೆ ಕೇಳಲಿಲ್ಲ. ಕಾರು ಸೇತುವೆ ಮುಟ್ಟಿ ಹಿಂದಿರುಗಿತು.

ಉಪದೇಶಕ್ಕೆ ಮರುದಿನ ಬೆಳಗಿನ ಹೊತ್ತು ಗೊತ್ತಾಯಿತು. ಅಮ್ಮಣ್ಣಿಯವರು ಹೊಳೆಯಲ್ಲಿ ಮಿಂದು, ಮೈಸೂರು ರೇಷ್ಮೆ ಉಟ್ಟು, ಹಣ್ಣು ಹೂವಿನ ತಟ್ಟೆ ಹಿಡಿದು ಧ್ಯಾನಮಂದಿರಕ್ಕೆ ಬಂದರು. ಆಶ್ರಮದವರೆಲ್ಲ ಗೋಡೆಯ ಗುಂಟ ಕೂತಿದ್ದರು. ಬಾಗಿಲ ಹತ್ತಿರ ಡಾಕ್ಟರು. ಅಡುಗೆಮನೆಯಿಂದ ನೇರವಾಗಿ ಎದ್ದು ಬಂದವರು, ಪಂಚೆಯ ಮೇಲೆ ಸೌತೆಬೀಜ ಅಂಟಿತ್ತು. ಅಮ್ಮಣ್ಣಿಯವರನ್ನು ಕಂಡು ಕೈ ಮುಗಿದು, ಒಳ್ಳೆಯದಾಗಲಿ ಎಂದು ಮೆಲ್ಲಗೆ ಹೇಳಿದರು. ಅಮ್ಮಣ್ಣಿಯವರ ತಟ್ಟೆಯಿಂದ ಒಂದು ಬಾಳೆಹಣ್ಣು ಜಾರಿತು. ಡಾಕ್ಟರೇ ಎತ್ತಿ ಇಟ್ಟರು.

ಗುರುಗಳ ಮುಂದೆ ಅಮ್ಮಣ್ಣಿ ಕೂತರು. ಗುರುಗಳು ಒಂದು ಶಾಲನ್ನು ತಮ್ಮಿಬ್ಬರ ತಲೆಯ ಮೇಲೂ ಹೊದಿಸಿಕೊಂಡರು. ಮಂತ್ರ ಕೊಡುವಾಗ ಬೇರೆಯವರಿಗೆ ಕೇಳಿಸಬಾರದು, ಅದು ಪದ್ಧತಿ. ಅಮ್ಮಣ್ಣಿಯವರು ಕಣ್ಣು ಮುಚ್ಚಿ ಬಲಗಿವಿಯನ್ನು ಮುಂದೆ ಮಾಡಿದರು. ಎದೆ ಎಂಜಿನ್ನಿನ ಹಾಗೆ ಹೊಡೆದುಕೊಳ್ಳುತ್ತಿತ್ತು.

ಗುರುಗಳು ಕಿವಿಯ ಹತ್ತಿರ ಬಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು.

“ಡಾಕ್ಟರ ಹತ್ತಿರ ಕ್ಷಮೆ ಕೇಳಿ.”

ಅಮ್ಮಣ್ಣಿಯವರ ಕಿವಿ ಬಿಸಿಯಾಯಿತು. ಅವರು ಬಹಳ ಸಣ್ಣ ದನಿಯಲ್ಲಿ ಕೇಳಿದರು.

“ಮಂತ್ರವನ್ನ ಮನಸ್ಸಿನಲ್ಲೇ ಹೇಳಿಕೊಳ್ಳೋದಲ್ಲವೇ, ಗುರುಗಳೇ?”

ಗುರುಗಳು ಶಾಲು ತೆಗೆದು ಮಡಿಸಿ ಪಕ್ಕಕ್ಕಿಟ್ಟರು.

“ಇದನ್ನಲ್ಲ. ಅವತ್ತು ಎಲ್ಲರ ಮುಂದೆ ಗಟ್ಟಿಯಾಗಿ ಮಾತಾಡಿದಿರಲ್ಲ, ಅಷ್ಟೇ ಗಟ್ಟಿಯಾಗಿ. ಏಳಿ ತಾಯಿ, ಕ್ಷಮೆ ಕೇಳಿ.”